ಪೆಟ್ಟಿಗೆಗೆ ಬಾರದ ಕತ್ತಿ

ನನ್ನ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿರುವುದು ಕ್ಷೌರದ ಕತ್ತಿಗಳು. ಹೆರಿಗೆ ಮಾಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಬಂದಾಗ ಅದನ್ನು ನೋಡಬೇಕೆನ್ನುತ್ತಾರೆ. ಗಂಡಸರ ಗಡ್ಡ ಹೆರೆಯುವ ಈ ಮಡಚು ಕತ್ತಿಗಳು ಒಬ್ಬಳೇ ಇರುವ ಹೆಂಗಸಿನ ಮನೆಯಲ್ಲಿ ಏಕೆ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಮುಖ ಕೇಳುತ್ತದೆ. ಇವುಗಳಲ್ಲಿ ಹೆಚ್ಚಿನವು ಆಗತಾನೇ ಹುಟ್ಟಿದ ಕೂಸುಗಳ ಹೊಕ್ಕುಳಬಳ್ಳಿ ಕೊಯ್ದ ಕತ್ತಿಗಳು. ನಿಲಂಗಾ, ಉದಗೀರ, ಉಮರಗಾ ತಾಲ್ಲೂಕುಗಳ ಮನೆಗಳಿಂದ ನಾನೇ ಕೇಳಿ ತಂದವು. ಯಾವುದು ಯಾವ ಮನೆಯದು ಎಂದು ಹೇಳಬಲ್ಲೆ, ಒಂದನ್ನು ಬಿಟ್ಟು. ಆ ಒಂದರ ಮಾತು ಮುಂದೆ ಬರುತ್ತದೆ.

ನಾನು ವಯಸ್ಸಾಗಿ ನಿವೃತ್ತಳಾದವಳಲ್ಲ. ಬಲಗೈಯ ತೋರುಬೆರಳು ಮಡಚುವುದಿಲ್ಲ. ಹೊಟ್ಟೆ ಮುಟ್ಟಿ ಕೂಸಿನ ತಲೆ ಯಾವ ಕಡೆ ಇದೆ ಎಂದು ತಿಳಿಯಬೇಕಾದ ಕೆಲಸಕ್ಕೆ ಆ ಕೈ ಸಾಲದು ಎಂದು ಸರಕಾರಿ ವೈದ್ಯರು ಹೇಳಿದರು. ನನಗೂ ಹಾಗೆಯೇ ಅನ್ನಿಸಿತು. ಬೆರಳಿನ ಕಥೆ ಕತ್ತಿಗಳ ಕಥೆಯಲ್ಲೇ ಇರುವುದರಿಂದ ಬೇರೆಯಾಗಿ ಬರೆಯುವುದಿಲ್ಲ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆದಾಗ ನಾನು ಹೈದರಾಬಾದಿನಲ್ಲಿ ಓದುತ್ತಿದ್ದೆ. ಬಿ.ಎಸ್ಸಿ. ಮುಗಿಸಿ, ಹೆರಿಗೆ ಮತ್ತು ಶಿಶು ಆರೈಕೆಯ ತರಬೇತಿ ಪಡೆದು ಹೆಲ್ತ್ ವಿಜಿಟರ್ ಆದೆ. ಕನ್ನಡ, ಮರಾಠಿ, ಉರ್ದು ಮೂರೂ ಬರುತ್ತಿದ್ದುದರಿಂದ ಗಡಿಯ ತಾಲ್ಲೂಕುಗಳಿಗೆ ಹಾಕಿದರು. ನಮ್ಮ ಮೇಲಧಿಕಾರಿ ಕುಸುಮಬಾಯಿ ಎಂಬ ಲೇಡಿ ಡಾಕ್ಟರು. ಸಣ್ಣ ಮೈಕಟ್ಟು, ದೊಡ್ಡ ದನಿ, ಮರಾಠಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಮೊದಲ ದಿನವೇ ಕೆಲಸ ಹೇಳಿಬಿಟ್ಟರು. ಹಳ್ಳಿಗಳಲ್ಲಿ ಹೊಕ್ಕುಳಬಳ್ಳಿಯನ್ನು ತುಕ್ಕುಹಿಡಿದ ಕ್ಷೌರದ ಕತ್ತಿಯಿಂದ ಕೊಯ್ಯುತ್ತಾರೆ. ಆ ಗಾಯಕ್ಕೆ ಧನುರ್ವಾಯು ಹತ್ತಿದರೆ ಕೂಸು ಮೊದಲು ಮೊಲೆ ಬಿಡುತ್ತದೆ. ಆಮೇಲೆ ದವಡೆ ಬಿಗಿಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಅಷ್ಟಾದ ಮೇಲೆ ನಾವು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಆದ್ದರಿಂದ ಹಳ್ಳಿಯ ಸೂಲಗಿತ್ತಿಯರಿಗೆ ಕತ್ತರಿ, ದಾರ, ಅರಿವೆ ಇರುವ ಡಬ್ಬಿ ಕೊಡಬೇಕು. ಕೊಡುವಾಗ ಮನೆಯ ಕತ್ತಿಯನ್ನು ತೆಗೆದುಕೊಂಡು ಬರಬೇಕು.

"ಕತ್ತಿ ಮನೆಯಲ್ಲಿ ಉಳಿದರೆ ಅದನ್ನೇ ಬಳಸುತ್ತಾರೆ. ಬಿಟ್ಟು ಬರಬೇಡ," ಎಂದರು ಕುಸುಮಬಾಯಿ. ಮಾತು ಸರಿಯಾಗಿಯೇ ಇತ್ತು.

ಪೆಟ್ಟಿಗೆಯಲ್ಲಿ ಎಡತುದಿಗಿರುವ ಕರಿ ಕೊಂಬಿನ ಹಿಡಿಯದು ನನ್ನ ಮೊದಲ ಕತ್ತಿ. ನಿಲಂಗಾದ ಹತ್ತಿರದ ಹಳ್ಳಿಯ ಸೂಲಗಿತ್ತಿ ಕಾಶವ್ವನದು. ಅವಳು ಕೊಡುವುದಿಲ್ಲ ಎಂದುಕೊಂಡು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಒಂದು ಮಾತೂ ಆಡಿಸದೆ ಸೆರಗಿನಿಂದ ಬಿಚ್ಚಿ ಕೊಟ್ಟಳು.

"ತಗೋರಿ ಬಾಯಿ. ಡಬ್ಬಿ ಚೊಲೊ ಅದ. ಇಂಥಾ ಡಬ್ಬಿಗಿ ನಾ ಎರಡು ವಸ್ತರಾ ಕೊಡಾಕಿ."

ನಮ್ಮ ಕಡೆ ಕ್ಷೌರದ ಕತ್ತಿಗೆ ವಸ್ತರಾ ಎನ್ನುತ್ತಾರೆ. ಕಾಶವ್ವ ಹೇಳಿದ ಹಾಗೇ ಮಾಡಿದಳು. ಮುಂದಿನ ಭೇಟಿಗೆ ಇನ್ನೊಂದನ್ನು ಹಿಡಿದು ಕಾದಿದ್ದಳು.

"ಇದಕ್ಕೂ ಒಂದು ಡಬ್ಬಿ ಕೊಡ್ರಿ. ನನ್ನ ಮಗಳಿಗಿ ಬೇಕಾಗ್ಯಾದ."

"ಇದೆಲ್ಲಿದವ್ವಾ?"

"ಸಂತ್ಯಾಗ ತಂದೀನ್ರಿ. ನಿಮ್ಮ ಸಲುವಾಗೇ!"

ಉದಗೀರದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಸ್ಸು ನಿಲ್ಲುವ ಜಾಗದ ಎದುರು ಒಬ್ಬ ಕ್ಷೌರಿಕ ಗಿರಾಕಿಯ ಮೀಸೆ ಕತ್ತರಿಸುತ್ತಿದ್ದ. ಕೈಯಲ್ಲಿದ್ದುದು ನಮ್ಮ ಡಬ್ಬಿಯ ಕತ್ತರಿ. ನಿಂತು ಕೇಳಿದೆ. ಅವನು ಮುಚ್ಚಿಡಲಿಲ್ಲ.

"ದಾಯಿ ಕೊಟ್ಟಾಳ್ರಿ. ಆಕಿಗಿ ಹಳೇ ವಸ್ತರಾ ಬೇಕಾಗಿತ್ತು, ನಿಮಗ ಕೊಡಲಿಕ್ಕ. ನನಗ ಕತ್ರಿ ಬೇಕಾಗಿತ್ತು. ಬೆಷ್ ಮಾಲು ಅದರಿ, ಸರಕಾರಿ."

ಕತ್ತರಿ ವಾಪಸು ಕೊಡು ಎಂದೆ. ಕನ್ನಡಿಯೊಳಗಿಂದ ಗಿರಾಕಿ ನನ್ನನ್ನು ದಿಟ್ಟಿಸಿದ. "ಬಾಯಿ, ನಿಮ್ಮ ಸರಕಾರಕ್ಕ ಜರಾ ತಡಿ ಅನ್ರಿ. ಅರ್ಧಾ ಮೀಸಿ ಹೊತ್ತುಕೊಂಡು ನಾ ಮನಿಗಿ ಹ್ಯಾಂಗ ಹೋಗಲಿ?" ಉಳಿದರ್ಧ ಮುಗಿಯುವ ತನಕ ನಾನು ಬಿಸಿಲಲ್ಲಿ ನಿಂತೆ. ಆ ಕ್ಷೌರಿಕ ಸೂಲಗಿತ್ತಿಗೆ ಕೊಟ್ಟ ಕತ್ತಿಯೂ ಈ ಪೆಟ್ಟಿಗೆಯಲ್ಲಿದೆ, ತುದಿ ಮುರಿದದ್ದು.

ಕಚೇರಿಯಲ್ಲಿ ಕತ್ತಿಗಳು ಹೆಚ್ಚಾದಷ್ಟೂ ಎಲ್ಲರಿಗೂ ಸಮಾಧಾನ. ನನಗೆ ಸಮಾಧಾನವಿರಲಿಲ್ಲ. ಹೆರಿಗೆ ಮಾಡಿಸಿ ಬಂದ ಪ್ರತಿ ಕೂಸಿನ ಚಿಂತೆಯಲ್ಲಿ ಕೆಲವು ದಿನ ನನ್ನ ಎದೆ ಬಿಗಿಯಾಗಿಯೇ ಇರುತ್ತಿತ್ತು. ಎರಡನೇ ವಾರ ದಾಟಿ ಹೋಗಿ, ಅದು ಬಾಯಿ ಅಗಲಿಸಿ ಅತ್ತದ್ದನ್ನು ಕಂಡ ಮೇಲೇ ಆ ಬಿಗಿ ಸಡಿಲುತ್ತಿತ್ತು. ಈ ಅಂಜಿಕೆ ತರಬೇತಿಯಲ್ಲಿ ಕಲಿಸಿದ್ದಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದ ನಿಮಗೂ ಬರುತ್ತದೆ. ಬಂದರೆ ಅದನ್ನು ದೌರ್ಬಲ್ಯವೆಂದು ತಿಳಿಯಬೇಡಿ.

ಬಿಳಿ ಹಿಡಿಯ ಕತ್ತಿ ಉದಗೀರದ ಒಂದು ಅರಿವೆ ಅಂಗಡಿಯವರ ಮನೆಯದು. ವಿಭೂತಿ ಹಚ್ಚಿ ಲಿಂಗಪೂಜೆ ಮಾಡಿಯೇ ನೀರು ಕುಡಿಯುವ ಶಿವಭಕ್ತರು. ಹೆರಿಗೆ ನಾನೇ ಮಾಡಿಸಿದೆ. ಬಳ್ಳಿ ಕಟ್ಟಿದೆ, ಕುದಿಸಿದ ಕತ್ತರಿಯಿಂದ ಕೊಯ್ದೆ, ಅರಿವೆ ಸುತ್ತಿದೆ. ನಿಯಮದಂತೆ ಮನೆಯ ಕತ್ತಿಯನ್ನು ಕೇಳಿ ತಂದೆ. ಯಾವುದರಲ್ಲೂ ಕೊರತೆಯಿರಲಿಲ್ಲ. ಎರಡನೇ ವಾರ ಹೋದಾಗ ಕೂಸಿನ ತುಟಿ ಬಿಗಿದುಕೊಂಡಿತ್ತು. ಎರಡು ದಿನದಲ್ಲಿ ಕೂಸು ಹೋಯಿತು.

ಏನಾಯಿತೆಂದು ನನಗೆ ಗೊತ್ತಾದದ್ದು ಆ ಮನೆಯ ಅಜ್ಜಿಯಿಂದ. ಅಳುತ್ತಲೇ ನನ್ನ ಕೈ ಹಿಡಿದುಕೊಂಡು, ಮನೆಯ ಸಂಗತಿ ಹೇಳುವ ಹಾಗೆ ಹೇಳಿದಳು.

"ನೀವು ನಮ್ಮ ವಸ್ತರಾ ಒಯ್ದ್ರಿ. ನಿಮ್ಮ ಕತ್ರೀನೂ ಒಯ್ದ್ರಿ. ಐದನೇ ದಿನಕ್ಕ ಸಟವಿ ಮುಂದ ಏನ ಇಡಬೇಕ್ರಿ? ಮಗ್ಗಲ ಮನೀದು ಕೇಳಿ ತಂದೆ. ಆದರ ಕೊಯ್ದದ್ದು ಅದಲ್ಲಲ್ಲ. ದೇವರ ಮುಂದ ಸುಳ್ಳು ಇಡಬಾರದಂತ, ಹೊಕ್ಕಳದ ತುದಿ ಅದರಲೇ ಜರಾ ಕೊಯ್ದು ಇಟ್ಟೀನಿ."

ಹೊರಗಿನಿಂದ ಬರುವವರಿಗೆ ಇದನ್ನು ತಿಳಿಸಬೇಕು. ಹುಟ್ಟಿದ ಐದನೇ ದಿನ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲ ಮನೆಗಳಲ್ಲಿದೆ. ಆ ದಿನ ಪೂಜೆಗೆ ಹೊಕ್ಕುಳು ಕೊಯ್ದ ಕತ್ತಿಯನ್ನೇ ಇಡಬೇಕು. ನಾವು ಕತ್ತಿಯನ್ನು ಒಯ್ದೆವು, ಪೂಜೆಯನ್ನು ಒಯ್ಯಲಿಲ್ಲ. ಮನೆಯವರು ಬೇರೆ ಕತ್ತಿ ತಂದರು. ಅದು ಸುಳ್ಳಾಗದಿರಲೆಂದು, ಒಣಗುತ್ತಿದ್ದ ಗಾಯವನ್ನು ಮತ್ತೆ ಕೊಯ್ದರು.

ಅಂದಿನಿಂದ ಕಚೇರಿಯ ಪೆಟ್ಟಿಗೆಯಲ್ಲಿದ್ದ ಪ್ರತಿ ಕತ್ತಿಯೂ ನನಗೆ ಕತ್ತಿಯಿಲ್ಲದ ಒಂದು ಮನೆಯಾಗಿ ಕಾಣತೊಡಗಿತು. ಅವುಗಳನ್ನು ಚಾಪೆಯ ಮೇಲೆ ಹರಡಿ ಒಂದೊಂದನ್ನೂ ಹಿಡಿದು ಇದು ಯಾವ ಊರು, ಯಾವ ಮನೆ ಎಂದು ನೆನಪಿಸಿಕೊಂಡೆ. ಹಿತ್ತಾಳೆ ಮೊಳೆಯದು ಔರಾದ ರಸ್ತೆಯ ಗೌಡರ ಮನೆ. ದಾರ ಸುತ್ತಿದ್ದು ಕುಂಬಾರ ಓಣಿ. ಅಲಗಿನಲ್ಲಿ ಅಳಿಸಿಹೋದ ಇಂಗ್ಲಿಷ್ ಅಕ್ಷರಗಳಿರುವುದು ನಿಜಾಮನ ಪಡೆಯಲ್ಲಿದ್ದು ಬಂದ ಮುದುಕರ ಮನೆ. ರಜೆ ಹಾಕಿ ಬಸ್ಸಿನಲ್ಲಿ, ಎತ್ತಿನ ಗಾಡಿಯಲ್ಲಿ ಆ ಮನೆಗಳಿಗೆಲ್ಲ ಹೋದೆ. ಹೆಚ್ಚಿನ ಮನೆಗಳಲ್ಲಿ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಕೆಲವು ಮನೆಗಳಲ್ಲಿ ಹಾಗೆಯೇ ತುದಿ ಕೊಯ್ದಿದ್ದರೂ ಕೂಸು ಉಳಿದಿತ್ತು. ಒಂದು ಮನೆಯಲ್ಲಿ ಉಳಿದಿರಲಿಲ್ಲ. ಆಗಲೂ ಒಂದು ಕತ್ತಿಯ ಮನೆ ನೆನಪಾಗಲಿಲ್ಲ. ಮರದ ಹಿಡಿ, ಬೇರೆ ಗುರುತಿಲ್ಲ. ಇಂದಿಗೂ ನೆನಪಾಗಿಲ್ಲ. ಯಾರಾದರೂ ಪೆಟ್ಟಿಗೆ ನೋಡಿದರೆ ಅದನ್ನೇ ಮೊದಲು ಅವರ ಕೈಗೆ ಕೊಡುತ್ತೇನೆ.

ಕುಸುಮಬಾಯಿಯವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಾಗಾದರೆ ಪೂಜೆ ಬಿಡಿಸು," ಎಂದರು. "ಕತ್ತಿಯನ್ನು ಮಾತ್ರ ಬಿಟ್ಟು ಬರಬೇಡ."

ಆ ಮಾತಿನೊಂದಿಗೇ ನನಗೆ ಉಮರಗಾಕ್ಕೆ ವರ್ಗವಾಯಿತು. ಅಷ್ಟರಲ್ಲಿ ಹೈದರಾಬಾದ್ ರಾಜ್ಯ ಒಡೆದು ನಮ್ಮ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ನಮ್ಮ ಡಬ್ಬಿ, ನಮ್ಮ ನಿಯಮ ಹಾಗೆಯೇ ಇದ್ದವು.

ತುರೋರಿ ಉಮರಗಾದಿಂದ ದೂರವಿಲ್ಲ, ಸಡಕಿನ ಮೇಲಿನ ಊರು. ಲಾರಿಯವರು ಚಹಾಕ್ಕೆ ನಿಲ್ಲಿಸುವ ಅಂಗಡಿಗಳ ಹಿಂದೆ, ಹೊಲಕ್ಕೆ ಹತ್ತಿಕೊಂಡು ಮಲ್ಲವ್ವನ ಮನೆ. ಗಂಡ ತೀರಿಹೋಗಿದ್ದರು, ಮೂವರು ಗಂಡುಮಕ್ಕಳು, ತುಂಬಿದ ಒಕ್ಕಲುತನ. ಹಿರಿಯ ಸೊಸೆ ಗೌರಾ ಬಸುರಿಯಿದ್ದಳು. ಅವಳ ಮೊದಲ ಎರಡು ಕೂಸುಗಳೂ ಮೊಲೆ ಬಿಟ್ಟು, ಬಿಗಿದುಕೊಂಡು ಹೋಗಿದ್ದವು. ಮೂರನೆಯದನ್ನು ಹೇಗಾದರೂ ಉಳಿಸಬೇಕು. ನನಗೆ ಬೇರೆ ಕೆಲಸವಿದ್ದರೂ ಮನಸ್ಸು ಅಲ್ಲೇ ಇರುತ್ತಿತ್ತು.

ಮಲ್ಲವ್ವ ಗಂಡನ ಕತ್ತಿಯನ್ನು ತೋರಿಸಿದಳು, ಕೊಡಲಿಲ್ಲ. ಕಂದು ಕೊಂಬಿನ ಹಿಡಿ, ಸವೆದು ಸಣ್ಣಗಾದ ಅಲಗು, ಬುಡದಲ್ಲಿ ತುಕ್ಕು.

"ಇದು ನಮ್ಮ ಮಾಲಕರದು. ನನ್ನ ಮೂರೂ ಗಂಡಸಮಕ್ಕಳ ಹೊಕ್ಕಳ ಕೊಯ್ದದ್ದು ಇದ. ಅಲ್ಲಿ ನೋಡು, ಕಣದಾಗ ನಿಂತಾರ. ಸತ್ತವರಂಗ ಕಾಣಸ್ತಾರೇನು?"

ಕಣದಲ್ಲಿ ಮೂವರೂ ಎತ್ತುಗಳಂತೆ ಗಟ್ಟಿಯಾಗಿ ನಿಂತಿದ್ದರು. ನಾನು ಗಾಯ, ತುಕ್ಕು, ಕಣ್ಣಿಗೆ ಕಾಣದ ರೋಗದ ಬೀಜ ಎಂದೆಲ್ಲ ಹೇಳಿದೆ.

"ಒಂದ ವಸ್ತರಾ ನನಗ ಮಕ್ಕಳ ಕೊಟ್ಟು ಈಕಿಗಿ ಕೊಡಂಗಿಲ್ಲಂದ್ರ, ದೋಷ ವಸ್ತರಾದ್ದೋ ಈಕಿದೋ?"

ಗೌರಾ ಒಲೆಯ ಕಡೆ ಮುಖ ತಿರುಗಿಸಿದಳು. ಆ ಮಾತು ಅವಳಿಗೆ ಹೊಸದಲ್ಲ ಎಂದು ನನಗೆ ತಿಳಿಯಿತು.

ಉದಗೀರದ ಅಜ್ಜಿಯ ಮಾತು ನನ್ನ ಕಿವಿಯಲ್ಲೇ ಇತ್ತು. ಕತ್ತಿಯನ್ನು ತಂದರೆ ಮಲ್ಲವ್ವ ಪಕ್ಕದ ಊರು ಮುರುಮಿನ ಸಂತೆಯಿಂದಾದರೂ ಇನ್ನೊಂದನ್ನು ತರುತ್ತಾಳೆ, ತುದಿ ಕೊಯ್ಯುತ್ತಾಳೆ. ಕತ್ತಿಯನ್ನು ಅಲ್ಲೇ ಬಿಟ್ಟು ನನ್ನ ಕತ್ತರಿಯಿಂದ ಕೊಯ್ದರೂ, ಅವಳು ಪೂಜೆಗೆ ಇಡುವುದು ಗಂಡನ ಕತ್ತಿಯನ್ನೇ, ಅದನ್ನು ನಿಜ ಮಾಡಲು ಮತ್ತೆ ಕೊಯ್ಯುತ್ತಾಳೆ. ಉಳಿದ ದಾರಿ ಒಂದೇ. ಮನೆಯ ಕತ್ತಿಯನ್ನೇ ಉಜ್ಜಿ, ಕುದಿಸಿ, ಅದರಿಂದಲೇ ನಾನು ಕೊಯ್ಯಬೇಕು. ಕತ್ತಿ ಮನೆಯಲ್ಲೇ ಉಳಿಯಬೇಕು. ಇದು ಮೇಲಿನವರ ಅಪ್ಪಣೆಗೆ ನೇರ ವಿರುದ್ಧ. ಅದಕ್ಕಿಂತ ಹೆಚ್ಚಿನ ಅಂಜಿಕೆ ಇನ್ನೊಂದಿತ್ತು. ಧನುರ್ವಾಯುವಿನ ಬೀಜ ಗಟ್ಟಿ, ಕುದಿಯುವ ನೀರಿನಲ್ಲೂ ಕೆಲವು ಉಳಿಯಬಹುದು ಎಂದು ನಾನು ಓದಿದ್ದೆ. ಹೊಸ ಕತ್ತರಿಯ ಮೇಲೆ ಇರುವ ನಂಬಿಕೆ ತುಕ್ಕಿನ ಅಲಗಿನ ಮೇಲೆ ಬರುವುದಿಲ್ಲ.

ಹೆರಿಗೆಯ ದಿನ ಮಧ್ಯಾಹ್ನ ಕತ್ತಿ ಕೇಳಿದೆ.

"ದೇವರ ಮುಂದ ಇಡೂ ಸಾಮಾನು ಮೈಲಿಗಿ ಇರಬಾರದಲ್ಲರೀ. ಒಂದು ಜಳಕಾ ಮಾಡಸೋಣು," ಎಂದೆ. ಜಾಣತನದ ಮಾತೆಂದು ನಾನೇ ಅಂದುಕೊಂಡಿದ್ದೆ.

ಮಲ್ಲವ್ವ ನಕ್ಕಳು. "ಎಷ್ಟ ಓದೀದಿ ಬಾಯಿ, ಇಷ್ಟ ತಿಳೀಲಿಲ್ಲಾ? ಲಿಂಗಾ ಕಟಗೊಂಡ ಮನ್ಯಾಗ ಮೈಲಿಗಿ ಎಲ್ಲಿದು! ಅದೂ ಅಲ್ಲದ, ಕುದಿಸಿದ್ರ ಧಾರಿ ಹೋಗ್ತದ. ಯಾವ ಹಜಾಮನ್ನ ಬೇಕಾದ್ರೂ ಕೇಳು."

ಮದುವೆಯಾದಾಗಿನಿಂದ ಗೌರಾ ಅತ್ತೆಗೆ ಎದುರು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವಂತೆ. ಅವಳು ಬೇನೆಯ ನಡುವೆ ತಲೆ ಎತ್ತಿದಳು.

"ಅತ್ತಿ, ಕೊಡ್ರಿ ಆಕಿಗಿ. ಧಾರಿ ಹೋಗಲಿ, ವಸ್ತರಾ ಹೋಗಲಿ. ಇದೊಂದು ಕೂಸರೆ ನನಗ ಉಳೀಲಿ."

ಮಲ್ಲವ್ವ ಕತ್ತಿಯನ್ನು ನನ್ನ ಕೈಗೆ ಕೊಡದೆ, ತಾನೇ ಒಯ್ದು ನೀರಿನ ಪಾತ್ರೆಯ ಪಕ್ಕದಲ್ಲಿಟ್ಟಳು.

ಬೂದಿಯಿಂದ ಬೇಡ, ಸಾಬೂನು ಸೋಡಾದಿಂದ ಎಂದು ಹೇಳಿ ನಾನೇ ಉಜ್ಜಿದೆ. ನಿಯಮದಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕುದಿಸಿದೆ. ಕೊಂಬಿನ ಹಿಡಿ ಅಷ್ಟು ಕುದಿತಕ್ಕೆ ತಾಳುವುದಿಲ್ಲವೆಂದು ನನಗೆ ಹೊಳೆಯಲಿಲ್ಲ. ಅದು ಉಬ್ಬಿ ಉದ್ದಕ್ಕೆ ಸೀಳಿತು, ಮೊಳೆ ಸಡಿಲವಾಯಿತು. ಗಂಡು ಕೂಸು ಹುಟ್ಟಿತು, ಅತ್ತಿತು. ಬಳ್ಳಿ ಕಟ್ಟಿ, ಕತ್ತಿಯನ್ನು ತೆರೆದು ಕೊಯ್ದೆ. ಕೊಯ್ದು ಕೈ ಹಿಂದೆ ತೆಗೆಯುವಾಗ ಅಲಗು ಹಿಡಿಯ ಕಡೆಗೆ ತಾನಾಗಿಯೇ ಮಡಚಿತು. ನಡುವೆ ನನ್ನ ತೋರುಬೆರಳಿತ್ತು.

ಧಾರಿ ಹೋಗಿರಲಿಲ್ಲ, ಹರಿತ ಹಾಗೆಯೇ ಇತ್ತು. ಬೆರಳನ್ನು ಅರಿವೆಯಲ್ಲಿ ಬಿಗಿದುಕೊಂಡು ಉಳಿದ ಕೆಲಸ ಮುಗಿಸಿದೆ. ಮಲ್ಲವ್ವ ಮೊದಲು ಸೀಳಿದ ಹಿಡಿಯನ್ನು ನೋಡಿದಳು, ಆಮೇಲೆ ನನ್ನ ಕೈಯನ್ನು ನೋಡಿದಳು. ಬೈಯಲಿಲ್ಲ. ಹಾಲು ಕಾಸಿ ತಂದಳು.

ಆ ದಿನಗಳನ್ನು ಹೇಗೆ ಬರೆಯಬೇಕೋ ತಿಳಿಯುವುದಿಲ್ಲ. ಒಂದೇ ಕತ್ತಿ, ಒಂದೇ ಗಳಿಗೆಯಲ್ಲಿ, ಆ ಕೂಸನ್ನೂ ನನ್ನನ್ನೂ ಕೊಯ್ದಿತ್ತು. ಅಲಗಿನಲ್ಲಿ ಏನಾದರೂ ಉಳಿದಿದ್ದರೆ ಇಬ್ಬರಲ್ಲೂ ಇತ್ತು. ಧನುರ್ವಾಯು ತಡೆಯುವ ಸೂಜಿಮದ್ದು ಸೋಲಾಪುರದಿಂದ ಬರಬೇಕಿತ್ತು, ಬರಲು ತಡವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯುತ್ತಿದ್ದೆ. ಇನ್ನೂ ತೆರೆಯುತ್ತದೆ ಎಂದರೆ ತುರೋರಿಯಲ್ಲೂ ತೆರೆಯುತ್ತಿರಬೇಕು. ಇದು ವಿಜ್ಞಾನವಲ್ಲ, ನನಗೆ ಗೊತ್ತಿತ್ತು. ದೊಡ್ಡವರಿಗೂ ಕೂಸಿಗೂ ಲೆಕ್ಕ ಬೇರೆ. ಆದರೂ ಊಟಕ್ಕೆ ಕುಳಿತಾಗ ದವಡೆ ಸ್ವಲ್ಪ ನೊಂದರೂ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಐದನೇ ದಿನ ಹೋಗಿ ಮಲ್ಲವ್ವನ ಮನೆಯಲ್ಲೇ ಕುಳಿತೆ. ಒರಳುಕಲ್ಲಿನ ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿದ ಕತ್ತಿಯಿತ್ತು. ನನ್ನ ಕಣ್ಣು ಅವಳ ಕೈ ಮೇಲೇ ಇರುವುದನ್ನು ಅವಳು ಗಮನಿಸಿದಳು.

"ಏನ್ ಕಾಯಲತ್ತಿ? ನೀನೇ ಕೊಯ್ದೀದಿ, ಅದನ್ನೇ ಇಟ್ಟೀನಿ. ಇನ್ನ ನಾ ಏನ ಕೊಯ್ಯಲಿ?"

ನನಗೆ ಬೇಕಾಗಿದ್ದುದು ಅದೇ ಮಾತು.

ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಗೌರಾಳ ಗಂಡ ಶಿವರಾಯ ಉಮರಗಾದ ನನ್ನ ಬಾಗಿಲಲ್ಲಿ ನಿಂತಿದ್ದ. ಸೈಕಲ್ ತುಳಿದು ಬಂದ ಉಸಿರು ಇನ್ನೂ ಇಳಿದಿರಲಿಲ್ಲ.

"ಬಾಯಾರ, ಕೂಸು ಮೊಲಿ ಹಿಡೀಲತ್ತಿಲ್ರಿ."

ಕಬ್ಬಿನ ಲಾರಿಯೊಂದನ್ನು ನಿಲ್ಲಿಸಿ ಹತ್ತಿದೆ. ದಾರಿಯಲ್ಲಿ ಚಾಲಕ ಏನೋ ಮಾತಾಡಿಸಿದ. ನನ್ನ ಬಾಯಿ ತೆರೆದು ಮುಚ್ಚಿ ನೋಡಿಕೊಳ್ಳುತ್ತಿದ್ದೆನೆಂಬುದು ಅವನು ಓರೆಗಣ್ಣಿನಲ್ಲಿ ನೋಡಿದಾಗ ಗೊತ್ತಾಯಿತು.

ಮನೆಯಲ್ಲಿ ಗೌರಾ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಅವಳು ಹಿಂದೆಯೂ ಎರಡು ಸಲ ಹೀಗೆ ಕುಳಿತಿದ್ದಳು. ನನ್ನ ಬಲಗೈ ಕಟ್ಟಿನಲ್ಲಿತ್ತು. ಎಡಗೈ ತೊಳೆದು, ಕಿರುಬೆರಳನ್ನು ಕೂಸಿನ ತುಟಿಯ ನಡುವೆ ಇಟ್ಟೆ. ಧನುರ್ವಾಯುವಾದರೆ ಬೆರಳು ಒಳಗೆ ಹೋಗುವುದಿಲ್ಲ, ದವಡೆ ಕಚ್ಚಿ ಹಿಡಿಯುತ್ತದೆ. ಬೆರಳು ಒಳಗೆ ಹೋಯಿತು. ದವಡೆ ಮೆತ್ತಗಿತ್ತು. ಕೂಸು ಬೆರಳನ್ನು ಎಳೆದು ಚೀಪಿತು, ಕೂಡಲೇ ನೊಂದು ಬಿಟ್ಟು, ಬಾಯಿ ಪೂರ್ತಿ ತೆರೆದು ಕಿರುಚಿತು. ನಾಲಿಗೆಯ ಮೇಲೆಲ್ಲ ಮೊಸರಿನಂಥ ಬಿಳಿ ಹುಣ್ಣು.

"ಬಾಯಾಗ ಹುಣ್ಣಾಗ್ಯಾವ," ಎಂದೆ. "ಅಷ್ಟ. ಬ್ಯಾರೆ ಏನಿಲ್ಲ."

ಗೌರಾ ನನ್ನ ಮುಖವನ್ನೇ ನೋಡಿದಳು. "ಖರೆ ಹೇಳ್ರಿ."

"ಖರೆ. ಅಳೂದು ಕೇಳು, ಎಷ್ಟ ದೊಡ್ಡ ಬಾಯಿ ತೆರದಾನ."

ನೇರಳೆ ಬಣ್ಣದ ಔಷಧಿಯನ್ನು ಹತ್ತಿಯಲ್ಲಿ ಅದ್ದಿ ಹಚ್ಚಿದೆ. ಮಲ್ಲವ್ವ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. "ಈಗಿಂದ ನೇರಳ ಹಣ್ಣ ಕದ್ದು ತಿನ್ನಾಕ ಕಲತಾನ, ಭಾಡ್ಯಾ," ಎಂದಳು. ಸಂಜೆಗೆ ಅದು ಮೊಲೆ ಹಿಡಿಯಿತು. ನಾನು ಹಿಂತಿರುಗುವ ಬಸ್ಸಿನಲ್ಲಿ ಕುಳಿತ ಮೇಲೇ ನನ್ನ ಬೆರಳು ನೋಯುತ್ತಿರುವುದು ಗೊತ್ತಾಯಿತು. ಕೀವಾಗಿತ್ತು. ಧನುರ್ವಾಯು ಬರಲಿಲ್ಲ, ಬೆರಳು ಮಾತ್ರ ನೆಟ್ಟಗೆ ಉಳಿಯಿತು.

ಕುಸುಮಬಾಯಿಯವರು ನನ್ನನ್ನು ನೋಡಲು ಉಮರಗಾಕ್ಕೇ ಬಂದರು. ಮೊದಲ ಪ್ರಶ್ನೆ, "ಆ ಕತ್ತಿ ಎಲ್ಲಿ?"

"ತುರೋರಿಯಲ್ಲಿ. ಕೂಸೂ ಅಲ್ಲೇ ಇದೆ," ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಹೊಗಳಲಿಲ್ಲ, ಗದರಿಸಲೂ ಇಲ್ಲ. ಮುಂದಿನ ಸಲ ಬಂದ ಡಬ್ಬಿಗಳಲ್ಲಿ ಕತ್ತರಿಯ ಬದಲು ಕಾಗದದಲ್ಲಿ ಸುತ್ತಿದ ಹೊಸ ಬ್ಲೇಡು ಇತ್ತು. ಅದರಿಂದ ಕೊಯ್ದು ಅದನ್ನು ಮನೆಯಲ್ಲೇ, ಸಟವಿಗೆ ಬಿಟ್ಟು ಬರಬೇಕು. ಮನೆಯ ಕತ್ತಿಯನ್ನು ಕೇಳುವ ನಿಯಮ ಹೋಯಿತು. ಈಗ ನಿಮ್ಮ ಕೈಗೆ ಬರುವುದು ಅದೇ ಡಬ್ಬಿ. ಕಚೇರಿ ಬೇರೆಡೆಗೆ ಹೋದಾಗ ಹಳೆಯ ಕತ್ತಿಗಳು ಯಾರಿಗೂ ಬೇಡವಾದವು, ನಾನು ತಂದಿಟ್ಟುಕೊಂಡೆ.

ಹೋದ ತಿಂಗಳು ಮಲ್ಲವ್ವನ ಆ ಮೊಮ್ಮಗನ ಜಾವಳ ಇತ್ತು. ಮೊದಲ ಕೂದಲು ತೆಗೆಯಲು ಅವಳು ಅದೇ ಕತ್ತಿಯನ್ನು ಕ್ಷೌರಿಕನ ಕೈಗೆ ಕೊಟ್ಟಳು. ಅವನು ತೆರೆದು ಅಲ್ಲಾಡಿಸಿ ತಲೆಯಾಡಿಸಿದ. "ಅವ್ವಾ, ಇದು ಲಟಪಟ ಅನಲತ್ತದ. ಕೂಸಿನ ಕಿವೀನೇ ಬೇಡ್ತದ ಇದು." ಅವನದೇ ಕತ್ತಿಯಿಂದ ಕೆಲಸವಾಯಿತು. ಅವನ ಕೈ ಕಿವಿಯ ಬಳಿ ಹೋದಾಗಲೆಲ್ಲ ನಾನು ಉಸಿರು ಹಿಡಿದಿದ್ದೆ.

ಮಲ್ಲವ್ವ ಕತ್ತಿಯನ್ನು ಅರಿವೆಯಲ್ಲಿ ಸುತ್ತಿ ನನ್ನ ಮುಂದೆ ಹಿಡಿದಳು. "ತಗೋ ಮಗಳ. ಅಂದು ಕೇಳಿದ್ದಿ, ಕೊಡಲಿಲ್ಲ. ನಿನ್ನ ಪೆಟ್ಟಿಗ್ಯಾಗ ಇರಲಿ."

ಗೌರಾ ಒಳಗಿನಿಂದ ಹೂರಣದ ತಾಟು ತಂದಳು. ನಡಿಗೆ ಭಾರವಾಗಿತ್ತು. ನೋಡಿದ ಕೂಡಲೇ ತಿಳಿಯಿತು.

"ಬ್ಯಾಡ್ರಿ," ಎಂದೆ. "ಮನ್ಯಾಗ ಇರಲಿ. ಬೇಕಾಗ್ತದ."

ಈ ಬೇಸಿಗೆ ಕಳೆಯುವುದರೊಳಗೆ ಅವಳ ಹೆರಿಗೆ. ನಾನು ಹೋಗಬಹುದು, ಪಕ್ಕದಲ್ಲಿ ಕೂರಬಹುದು. ಕೈ ಹಾಕುವವರು ನಿಮ್ಮಲ್ಲೊಬ್ಬರು. ನಿಮ್ಮ ಡಬ್ಬಿಯಲ್ಲಿ ಹೊಸ ಬ್ಲೇಡು ಇರುತ್ತದೆ. ಆದರೆ ಮಲ್ಲವ್ವ ಕತ್ತಿಯನ್ನೇ ತಂದು ಮುಂದಿಡುತ್ತಾಳೆ, ಅದರಿಂದ ಕೊಯ್ದ ಕೂಸು ಅವಳ ಕಣ್ಣ ಮುಂದೆ ಓಡಾಡುತ್ತಿದೆ. ವಾದ ಮಾಡಬೇಡಿ. ಬುಡದ ತುಕ್ಕನ್ನು ಉಜ್ಜಿ, ಸಾಕು ಅನ್ನಿಸಿದ ಮೇಲೂ ಇನ್ನಷ್ಟು ಹೊತ್ತು ಕುದಿಸಿ. ಮೊಳೆಯ ಮೇಲೆ ಕುದಿಸಿದ ದಾರವನ್ನು ಬಿಗಿಯಾಗಿ ಸುತ್ತಿ, ಅಲಗು ಅಲ್ಲಾಡುವುದಿಲ್ಲ ಎಂದು ಎರಡು ಸಲ ನೋಡಿ, ಆಮೇಲೆ ಕೈಗೆ ತೆಗೆದುಕೊಳ್ಳಿ. ತೋರುಬೆರಳನ್ನು ಹಿಡಿಯ ಹೊರಗೆ ಇಡಿ.